ಲಿಟಲ್ ರಿಚರ್ಡ್‌ಗೆ ದುಡ್ಡು ಯಾಕೆ ಸಿಗಲಿಲ್ಲ? ನನ್ನ ಮಗ ಈ ಕರಾರಿಗೆ ಸಹಿ ಹಾಕಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ತೀರ್ಥಹಳ್ಳಿ ಹತ್ತಿರ ಊರು, ಒಂದಿಷ್ಟು ಅಡಿಕೆ ತೋಟ ಇದೆ. 23 ವರ್ಷದ ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಮೂವರು ಗೆಳೆಯರ ಜತೆ ಬ್ಯಾಂಡ್ ಕಟ್ಟಿಕೊಂಡಿದ್ದಾನೆ. ಕನ್ನಡದಲ್ಲಿ ತಾನೇ ಬರೆದು, ರಾಗ ಹಾಕಿ, ಹಾಡುತ್ತಾನೆ. ಲಿಟಲ್ ರಿಚರ್ಡ್ ಎಂಬ ಅಮೆರಿಕದ ಹಳೆಯ ರಾಕ್ ಅಂಡ್ ರೋಲ್ ಗಾಯಕ ಅವನಿಗೆ ದೇವರಿದ್ದಂತೆ. ಈಗ ಒಂದು ಆಡಿಯೊ ಕಂಪನಿಯವರು ಎಂಟು ಹಾಡಿಗೆ ಒಟ್ಟು 80,000 ರೂಪಾಯಿ ಕೊಡುತ್ತೇವೆ, ಎಲ್ಲ ಹಕ್ಕೂ ಶಾಶ್ವತವಾಗಿ ನಮ್ಮದು, ಐದು ವರ್ಷ ಬೇರೆ ಯಾರಿಗೂ ಹಾಡುವಂತಿಲ್ಲ ಎಂದು ಕರಾರು ಕಳಿಸಿದ್ದಾರೆ. ನನ್ನ ತಮ್ಮ, "ಆ ರಿಚರ್ಡನ ಹಾಡನ್ನು ಬಿಳಿಯರು ಕದ್ದು ದುಡ್ಡು ಮಾಡಿದರು, ಅವನು ಬರಿಗೈಯಲ್ಲಿ ಸತ್ತ, ನಿನ್ನ ಮಗನ ಗತಿಯೂ ಅದೇ" ಅನ್ನುತ್ತಾನೆ. ಮಗ, "ಅವನು ದುಡ್ಡು ಕಳಕೊಂಡಿದ್ದು ಹಾಡು ಬಿಟ್ಟು ಧರ್ಮ ಬೋಧಿಸಲು ಹೋಗಿದ್ದಕ್ಕೆ, ಕರಾರಿನಿಂದಲ್ಲ, ಮೊದಲು ಹೆಸರು ಬರಲಿ" ಅನ್ನುತ್ತಾನೆ. ಯಾರ ಮಾತು ಸರಿ? ಸಹಿ ಹಾಕಲು ಬಿಡಲೇ?

ಉತ್ತರ: ಮೇಡಂ, ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ, ಮಗ ಹೇಳಿದ್ದರಲ್ಲಿ ಕಾಲು ನಿಜ. ನಾನು ಹಕ್ಕುಸ್ವಾಮ್ಯದ ವಕೀಲ, ಹಳೆಯ ರೆಕಾರ್ಡ್‌ಗಳ ಹುಚ್ಚೂ ಇದೆ. ಹಾಗಾಗಿ ನಿಮ್ಮ ಪತ್ರ ನೋಡಿ ಎರಡು ಪಟ್ಟು ಖುಷಿಯಾಯಿತು. ನಿಮ್ಮನ್ನು ಕಾಡುತ್ತಿರುವುದು ರಿಚರ್ಡನ ಕಥೆಯಲ್ಲ ಅಂತ ಗೊತ್ತು. ಇವತ್ತು 80,000 ತಗೊಂಡರೆ ನಾಳೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದು ನಿಮ್ಮ ಚಿಂತೆ. ಆದರೂ ರಿಚರ್ಡನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಆತನಿಗೆ ದುಡ್ಡು ಎಲ್ಲಿ ಸೋರಿತು ಅಂತ ಗೊತ್ತಾದರೆ ನಿಮ್ಮ ಕರಾರು ಓದುವುದು ಸುಲಭ.

ಮೊದಲು ಒಂದು ಸುಳ್ಳನ್ನು ಬದಿಗಿಡೋಣ. ಲಿಟಲ್ ರಿಚರ್ಡ್ ಬರಿಗೈಯಲ್ಲಿ ಸಾಯಲಿಲ್ಲ. 2020ರ ಮೇ 9ರಂದು ಟೆನೆಸಿಯಲ್ಲಿ 87ನೇ ವಯಸ್ಸಿನಲ್ಲಿ ಮೂಳೆಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಜಗತ್ತೇ ಗೌರವಿಸುವ ಹಿರಿಯನಾಗಿದ್ದ. 1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಆರಿಸಿದ ಮೊಟ್ಟಮೊದಲ ತಂಡದಲ್ಲೇ ಆತನ ಹೆಸರಿತ್ತು. ಎಂಬತ್ತು ದಾಟುವವರೆಗೂ ವೇದಿಕೆ ಹತ್ತಿ ದುಡಿದ. ಆತ ದುಡಿದೇ ತಿನ್ನಬೇಕಾಯಿತು ಎಂಬುದರಲ್ಲೇ ವಿಷಯ ಇದೆ. 1955ರಿಂದ 1957ರ ನಡುವೆ ಹಾಡಿದ ಹತ್ತಾರು ಹಾಡುಗಳು ಕೂತಲ್ಲಿಗೇ ಅನ್ನ ತಂದುಕೊಡಬೇಕಿತ್ತು. ತರಲಿಲ್ಲ.

ಯಾಕೆ ತರಲಿಲ್ಲ? ಆತ ಸಹಿ ಹಾಕಿದಾಗ ಎಲ್ಲಿದ್ದ ಎಂಬುದನ್ನು ನೋಡಬೇಕು. ಹುಟ್ಟುಹೆಸರು ರಿಚರ್ಡ್ ವೇಯ್ನ್ ಪೆನ್ನಿಮನ್, 1932ರಲ್ಲಿ ಜಾರ್ಜಿಯಾ ರಾಜ್ಯದ ಮೇಕನ್ ಊರಲ್ಲಿ ಹುಟ್ಟಿದ್ದು, ಹನ್ನೆರಡು ಮಕ್ಕಳ ಮನೆ. 1951ರಲ್ಲಿ ಆರ್‌ಸಿಎ ವಿಕ್ಟರ್ ಎಂಬ ದೊಡ್ಡ ಕಂಪನಿಗೆ ಹಾಡಿದ, ದೊಡ್ಡದಾಗಿ ಏನೂ ಆಗಲಿಲ್ಲ. ಮರುವರ್ಷ ಅಪ್ಪನನ್ನು ಯಾರೋ ಗುಂಡಿಟ್ಟು ಕೊಂದರು. ಮತ್ತೊಂದು ಕಂಪನಿಗೆ ಹಾಡಿದ, ಅಲ್ಲೂ ಕೈಗೆ ಹತ್ತಲಿಲ್ಲ. ಮೇಕನ್‌ನ ಗ್ರೇಹೌಂಡ್ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆಯುತ್ತ, 1955ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಸ್ಪೆಷಾಲ್ಟಿ ರೆಕಾರ್ಡ್ಸ್‌ಗೆ ಒಂದು ಟೇಪ್ ಕಳಿಸಿ ತಿಂಗಳುಗಟ್ಟಲೆ ಕಾದ. ಮನೆ ಜವಾಬ್ದಾರಿ ಇರುವ, ಎರಡು ಸಲ ಸೋತ 22ರ ಹುಡುಗ ಕರಾರಿನ ಶರತ್ತು ಓದುತ್ತಾನೆಯೇ? ನನ್ನ ಕಚೇರಿಗೆ ಬರುವವರಲ್ಲೂ ಕೆಟ್ಟ ಕರಾರಿಗೆ ಸಹಿ ಹಾಕಿರುವವರು ದಡ್ಡರಲ್ಲ, ಕಾದು ಕಾದು ಸುಸ್ತಾದವರು.

ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನ ಕಾಸಿಮೊ ಮಟಾಸಾ ಎಂಬಾತನ ಪುಟ್ಟ ಸ್ಟುಡಿಯೋದಲ್ಲಿ ನಡೆದದ್ದನ್ನು ನಿಮ್ಮ ಮಗ ಬಾಯಿಪಾಠ ಹೇಳಬಲ್ಲ. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್‌ಗೆ ಬೆಳಗಿನಿಂದ ಹಾಡಿಸಿದ್ದು ಯಾವುದೂ ಹಿಡಿಸಿರಲಿಲ್ಲ. ಊಟಕ್ಕೆ ಡ್ಯೂ ಡ್ರಾಪ್ ಇನ್‌ಗೆ ಹೋದರು. ಅಲ್ಲಿ ಪಿಯಾನೊ ಕಂಡದ್ದೇ ರಿಚರ್ಡ್ ಕೂತು, ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಒಂದು ಪೋಲಿ ಹಾಡನ್ನು ಬಡಿದು ಬಾರಿಸಿ ಕೂಗಿದ. ಬ್ಲ್ಯಾಕ್‌ವೆಲ್‌ಗೆ ಬೇಕಿದ್ದದ್ದು ಅದೇ. ಆದರೆ ಆ ಸಾಲುಗಳನ್ನು ರೇಡಿಯೊದಲ್ಲಿ ಹಾಕುವಂತಿರಲಿಲ್ಲ. ಹಾಡು ಬರೆಯುತ್ತೇನೆ ಅಂತ ಬೆನ್ನುಹತ್ತಿದ್ದ ಡೊರೊಥಿ ಲಬೋಸ್ಟ್ರಿ ಎಂಬ ಸ್ಥಳೀಯ ಹೆಂಗಸನ್ನು ಕರೆಸಿ ಮಾತು ತೊಳೆಸಿದರು. ಸ್ಟುಡಿಯೋ ಅವಧಿಯಲ್ಲಿ ಉಳಿದಿದ್ದ ಹದಿನೈದೋ ಇಪ್ಪತ್ತೋ ನಿಮಿಷದಲ್ಲಿ ಹಾಡು ಮುಗಿಯಿತು. ಅದೇ 'ಟುಟ್ಟಿ ಫ್ರುಟ್ಟಿ'. (ನಮ್ಮ ಬೇಕರಿ ಬನ್ನಿನೊಳಗಿನ ಬಣ್ಣದ ಪಪ್ಪಾಯ ಚೂರಿನಷ್ಟು ಸಾಧುವಾಗಿರಲಿಲ್ಲ ಮೂಲ ಹಾಡು.)

ಈ ಡೊರೊಥಿ ಲಬೋಸ್ಟ್ರಿಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಸ್ಪೆಷಾಲ್ಟಿ ಕಂಪನಿಯ ಕರಾರಿನಲ್ಲಿ ರಿಚರ್ಡ್‌ಗೆ ಮಾರಾಟವಾದ ಪ್ರತಿ ರೆಕಾರ್ಡ್‌ಗೆ ಅರ್ಧ ಸೆಂಟ್. ಆತನೇ ಇದನ್ನು ಹಲವು ಸಲ ಹೇಳಿಕೊಂಡಿದ್ದಾನೆ. ಲೆಕ್ಕ ಹಾಕಿ: ಹತ್ತು ಲಕ್ಷ ರೆಕಾರ್ಡ್ ಮಾರಿದರೆ ಆತನ ಕೈಗೆ 5,000 ಡಾಲರ್. ಜತೆಗೆ 'ಟುಟ್ಟಿ ಫ್ರುಟ್ಟಿ'ಯ ಪ್ರಕಟಣೆಯ ಹಕ್ಕು ಬರೀ 50 ಡಾಲರಿಗೆ ಕಂಪನಿಯ ಕಡೆಗೆ ಹೋಯಿತು ಎಂಬುದೂ ಆತನದೇ ಮಾತು. ಪ್ರಕಟಣೆಯ ಹಕ್ಕು ಅಂದರೆ ಅಚ್ಚು ಹಾಕುವುದಲ್ಲ. ಹಾಡು ಎಂಬ ಕೃತಿಯನ್ನು ಯಾರು ಬಳಸಿದರೂ ಅವರಿಂದ ಹಣ ವಸೂಲಿ ಮಾಡುವ ಹಕ್ಕು. ಸ್ಪೆಷಾಲ್ಟಿಯ ಮಾಲೀಕ ಆರ್ಟ್ ರೂಪ್‌ದೇ ಆದ ವೆನಿಸ್ ಮ್ಯೂಸಿಕ್ ಎಂಬ ಸಂಸ್ಥೆ ಅದನ್ನು ಇಟ್ಟುಕೊಂಡಿತ್ತು. ರೆಕಾರ್ಡ್ ಮಾರುವ ಅಂಗಡಿಯೂ ಅವರದೇ, ಹಾಡಿನ ಯಜಮಾನಿಕೆಯೂ ಅವರದೇ.

ಇಲ್ಲಿಂದ ನಿಮ್ಮ ತಮ್ಮನ "ಕದ್ದರು" ಎಂಬ ಮಾತಿಗೆ ಬರೋಣ. ಪ್ಯಾಟ್ ಬೂನ್ ಎಂಬ ಬಿಳಿಯ ಗಾಯಕ 'ಟುಟ್ಟಿ ಫ್ರುಟ್ಟಿ'ಯನ್ನು ಇಸ್ತ್ರಿ ಹಾಕಿದ ಅಂಗಿಯ ಹಾಗೆ ಹಾಡಿ 1956ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಹೋದ. ಮೂಲ ಹಾಡು ಅದಕ್ಕಿಂತ ಕೆಳಗೇ ಉಳಿಯಿತು. ಕರಿಯರ ರೆಕಾರ್ಡ್‌ಗಳನ್ನು ಹಾಕದ ರೇಡಿಯೊ ಕೇಂದ್ರಗಳು ಬೂನ್‌ನದನ್ನು ಹಾಕುತ್ತಿದ್ದವು, ಇದು ನಿಜ, ಅನ್ಯಾಯವೂ ಹೌದು. ಬಿಳಿಯ ಹುಡುಗರು ಬೂನ್‌ನ ರೆಕಾರ್ಡನ್ನು ಮೇಜಿನ ಮೇಲಿಟ್ಟು ತನ್ನದನ್ನು ಡ್ರಾಯರಿನೊಳಗೆ ಬಚ್ಚಿಡುತ್ತಿದ್ದರು ಎಂದು ರಿಚರ್ಡ್ ನಗುತ್ತಲೇ ಹೇಳುತ್ತಿದ್ದ. ಮುಂದಿನ ಹಾಡು 'ಲಾಂಗ್ ಟಾಲ್ ಸ್ಯಾಲಿ'ಯನ್ನು ಬೂನ್‌ನ ನಾಲಗೆ ತಿರುಗದಷ್ಟು ವೇಗವಾಗಿ ಹಾಡಿದರು. ಆ ಸಲ ಮೂಲವೇ ಗೆದ್ದು ಪಾಪ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು.

ಆದರೆ ಕಾನೂನಿನ ಕಣ್ಣಲ್ಲಿ ಅದು ಕಳ್ಳತನವಲ್ಲ. ಅಮೆರಿಕದ 1909ರ ಕಾಯ್ದೆ ಪ್ರಕಾರ ಒಂದು ಹಾಡು ಒಮ್ಮೆ ಅನುಮತಿ ಪಡೆದು ಧ್ವನಿಮುದ್ರಣವಾದರೆ ಸಾಕು, ಆಮೇಲೆ ಯಾರು ಬೇಕಾದರೂ ಪ್ರತಿ ರೆಕಾರ್ಡ್‌ಗೆ 2 ಸೆಂಟ್ ಕಟ್ಟಿ ಹಾಡಬಹುದಿತ್ತು. 1978ರವರೆಗೂ ಅದೇ 2 ಸೆಂಟ್. ಆ ದುಡ್ಡು ಯಾರಿಗೆ? ಕೃತಿಯ ಯಜಮಾನನಿಗೆ, ಆತನಿಂದ ಬರೆದವರಿಗೆ. ಮೊದಲು ಹಾಡಿದವನಿಗೆ ಬಿಡಿಕಾಸಿಲ್ಲ. ಧ್ವನಿಮುದ್ರಣಕ್ಕೆ ಅಮೆರಿಕದ ಕೇಂದ್ರ ಕಾನೂನಿನ ರಕ್ಷಣೆ ಮೊದಲು ಸಿಕ್ಕಿದ್ದೇ 1972ರ ಫೆಬ್ರವರಿಯಿಂದ ಈಚೆ ಮುದ್ರಿಸಿದವುಗಳಿಗೆ. ಅಲ್ಲಿನ ಮಾಮೂಲಿ ರೇಡಿಯೊ ಕೇಂದ್ರಗಳು ಇವತ್ತಿಗೂ ಹಾಡು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಕೊಡುವುದಿಲ್ಲ. ಅಂದರೆ ಬೂನ್ ಮಾರಿದ ಪ್ರತಿ ರೆಕಾರ್ಡ್, 1964ರಲ್ಲಿ ಬೀಟಲ್ಸ್ ಹಾಡಿದ 'ಲಾಂಗ್ ಟಾಲ್ ಸ್ಯಾಲಿ', ಎಲ್ಲವೂ ದುಡ್ಡು ತಂದವು. ಕಾಲುವೆ ತೋಡಿದವನೇ ಬೇರೆ, ನೀರು ಹರಿದದ್ದು ಯಾರ ಗದ್ದೆಗೋ.

ಈಗ ಲಬೋಸ್ಟ್ರಿ. ಮಾತು ತೊಳೆದು ಕೊಟ್ಟ ಆ ಹೆಂಗಸಿನ ಹೆಸರು ಹಾಡಿನ ರಚನಕಾರರ ಜಾಗದಲ್ಲಿ ಸೇರಿತ್ತು. ರಿಚರ್ಡ್ ಕೋರ್ಟು ಹತ್ತಿದ 1980ರ ದಶಕದಲ್ಲೂ ಆಕೆಗೆ ಆ ಹಾಡಿನ ರಾಯಧನದ ಚೆಕ್ ಬರುತ್ತಿತ್ತು. ಇಡೀ ಜಗತ್ತಿಗೆ ಆತನ ಗಂಟಲು ಗೊತ್ತು, ಆಕೆಯ ಹೆಸರು ಗೊತ್ತಿಲ್ಲ, ಚೆಕ್ ಮಾತ್ರ ಆಕೆಯ ಮನೆಗೆ. ನಿಮ್ಮ ಮಗನಿಗೆ ಹೇಳಬೇಕಾದ ಕಥೆ ಬೂನ್‌ನದಲ್ಲ, ಇದು.

ಮಗನ ಕಾಲುಭಾಗ ನಿಜಕ್ಕೆ ಬರುತ್ತೇನೆ. 1957ರ ಅಕ್ಟೋಬರಿನಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗ, ಆಸ್ಟ್ರೇಲಿಯಾ ಪ್ರವಾಸದ ನಡುವೆ ಆತ ರಾಕ್ ಅಂಡ್ ರೋಲ್ ಬಿಟ್ಟ. ಸಿಡ್ನಿಯ ಬಯಲು ಕಾರ್ಯಕ್ರಮದಲ್ಲಿ ಆಕಾಶದಲ್ಲಿ ಬೆಂಕಿಯುಂಡೆ ಹಾದುಹೋದದ್ದನ್ನು ಕಂಡು ದೇವರ ಎಚ್ಚರಿಕೆ ಅಂದುಕೊಂಡ, ಅದು ರಷ್ಯನ್ನರು ಆಗಷ್ಟೇ ಹಾರಿಸಿದ್ದ ಸ್ಪುಟ್ನಿಕ್ ಉಪಗ್ರಹ ಅಂತ ಆಮೇಲೆ ತಿಳಿಯಿತು ಎಂಬುದು ಆತ ಹೇಳಿದ ಕಥೆ. ಉಂಗುರಗಳನ್ನು ಕಳಚಿ ನೀರಿಗೆಸೆದ. ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿರುವ ಓಕ್‌ವುಡ್ ಕಾಲೇಜಿಗೆ ಧರ್ಮಶಾಸ್ತ್ರ ಓದಲು ಹೋದ. ಜನರಿಗೆ ಈ ಕಥೆ ಇಷ್ಟ, ನನಗೂ ಇಷ್ಟ. ಆದರೆ ವೈರಾಗ್ಯ ಬಂದದ್ದಕ್ಕೆ ದುಡ್ಡು ಹೋಗಲಿಲ್ಲ. ಆತ ಹಾಡದೆ ಕೂತರೂ ಸ್ಪೆಷಾಲ್ಟಿ ಮೊದಲೇ ಮುದ್ರಿಸಿಟ್ಟಿದ್ದನ್ನು ಹೊರತರುತ್ತಲೇ ಇತ್ತು. 1956ರಲ್ಲಿ ಹಾಡಿದ್ದ 'ಗುಡ್ ಗಾಲಿ ಮಿಸ್ ಮಾಲಿ' 1958ರಲ್ಲಿ ಬಂದು ಜನ ಕುಣಿದರು. ದುಡ್ಡು ಹೋದದ್ದು 1959ರಲ್ಲಿ: ಕರಾರಿನಿಂದ ಬಿಡುಗಡೆ ಬೇಕು ಅಂದಾಗ, ಅದರ ಬೆಲೆಯಾಗಿ ಆ ಹಾಡುಗಳ ಮುಂದಿನ ರಾಯಧನವನ್ನೇ ಬಿಟ್ಟುಕೊಟ್ಟ. ಬಿಟ್ಟುಹೋಗುವ ಬಾಗಿಲಿಗೆ ಕಂಪನಿ ಕಟ್ಟಿದ್ದ ಸುಂಕ ಅದು. ನಿಮ್ಮ ಕರಾರಿನಲ್ಲಿ "ಐದು ವರ್ಷ ಬೇರೆ ಯಾರಿಗೂ ಹಾಡುವಂತಿಲ್ಲ" ಅಂತ ಇದೆಯಲ್ಲ, ನಾನು ಮೊದಲು ಬೆರಳಿಟ್ಟದ್ದು ಅಲ್ಲೇ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. 1962ರಲ್ಲಿ ಮತ್ತೆ ವೇದಿಕೆಗೆ ಬಂದ, ಇಂಗ್ಲೆಂಡಿನಲ್ಲಿ ಆಗಿನ್ನೂ ಎಳೆಯರಾಗಿದ್ದ ಬೀಟಲ್ಸ್ ಆತನಿಗಿಂತ ಮುಂಚೆ ಹಾಡುವ ತಂಡವಾಗಿದ್ದರು. ಜಿಮಿ ಹೆಂಡ್ರಿಕ್ಸ್ ಕೆಲವು ಕಾಲ ಆತನ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ. 1984ರಲ್ಲಿ ಸ್ಪೆಷಾಲ್ಟಿ, ಆರ್ಟ್ ರೂಪ್, ವೆನಿಸ್ ಮ್ಯೂಸಿಕ್ ಮತ್ತು ಆಗ ಹಾಡುಗಳನ್ನು ಹೊಂದಿದ್ದ ಎಟಿವಿ ಮ್ಯೂಸಿಕ್ ಮೇಲೆ 11.2 ಕೋಟಿ ಡಾಲರಿನ ದಾವೆ ಹೂಡಿದ. 1986ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ನಡುವೆ, 1985ರಲ್ಲಿ, ಬೀಟಲ್ಸ್ ಹಾಡುಗಳ ಜತೆ ರಿಚರ್ಡನ ಹಾಡುಗಳೂ ಇದ್ದ ಎಟಿವಿಯ ಇಡೀ ಮೂಟೆಯನ್ನು ಮೈಕಲ್ ಜಾಕ್ಸನ್ 4.75 ಕೋಟಿ ಡಾಲರಿಗೆ ಕೊಂಡ. 50 ಡಾಲರಿಗೆ ಕೈಬದಲಿದ ಕಾಗದ ಎಲ್ಲೆಲ್ಲಿ ಅಲೆಯುತ್ತದೆ ನೋಡಿ.

ಕಾರಣ ಬರೀ ಬಣ್ಣವೇ? ಬಣ್ಣ ದೊಡ್ಡ ಕಾರಣ, ಕರಿಯ ಗಾಯಕರಿಗೆ ವಕೀಲರೂ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಆದರೆ ಗಾಯಕರ ಖಾತೆಯಲ್ಲಿ ಸ್ಟುಡಿಯೋ ಖರ್ಚು, ವಾದ್ಯದವರ ಕೂಲಿ ಎಲ್ಲ ಕಳೆಯುತ್ತ ಹೋಗುವ ಲೆಕ್ಕದ ಪದ್ಧತಿಯೂ ಅಷ್ಟೇ ದೊಡ್ಡದು. ಅಟ್ಲಾಂಟಿಕ್ ಕಂಪನಿಯನ್ನು "ರೂತ್ ಕಟ್ಟಿದ ಮನೆ" ಅಂತಲೇ ಕರೆಯುವಷ್ಟು ಹಾಡು ಗೆಲ್ಲಿಸಿಕೊಟ್ಟ ರೂತ್ ಬ್ರೌನ್, ಮುಂದೆ ಮನೆಗೆಲಸಕ್ಕೆ ಹೋಗಿ, ಶಾಲಾ ಬಸ್ ಓಡಿಸಿ ಬದುಕಿದಳು. 1980ರ ದಶಕದಲ್ಲಿ ಪಟ್ಟು ಹಿಡಿದು ಹೋರಾಡಿದ್ದರಿಂದ ಆಕೆಗೂ ಅನೇಕ ಹಳೆಯ ಗಾಯಕರಿಗೂ ಕಂಪನಿ ಹಳೆ ಸಾಲ ಮನ್ನಾ ಮಾಡಿ ಬಾಕಿ ಕೊಟ್ಟಿತು. ಆ ವ್ಯಾಜ್ಯದಿಂದಲೇ 1988ರಲ್ಲಿ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿತು.

ಸರಿ, ತೀರ್ಥಹಳ್ಳಿಗೆ ಬರೋಣ. ನಿಮಗೆ ಅಡಿಕೆ ತೋಟ ಇದೆ ಅಂದಿರಿ, ಅಲ್ಲಿಗೆ ನನ್ನ ಕೆಲಸ ಅರ್ಧ ಹಗುರ. ತೋಟ ಕ್ರಯಕ್ಕೆ ಕೊಡುವುದು ಬೇರೆ, ಈ ವರ್ಷದ ಫಸಲನ್ನಷ್ಟೇ ಚೇಣಿಗೆ (ಗುತ್ತಿಗೆಗೆ) ಕೊಡುವುದು ಬೇರೆ. ನಿಮ್ಮ ಮಗನ ಮುಂದಿರುವುದು ಚೇಣಿಯ ದುಡ್ಡಿಗೆ ಕ್ರಯಪತ್ರ. ಅದೂ ಒಂದಲ್ಲ, ಮೂರು ತೋಟ: ಬರೆದ ಸಾಹಿತ್ಯ, ಹಾಕಿದ ರಾಗ, ಹಾಡಿದ ಧ್ವನಿಮುದ್ರಣ. ಮೂರಕ್ಕೂ ಹಕ್ಕು ಬೇರೆ ಬೇರೆ. "ಎಲ್ಲ ಹಕ್ಕು" ಎಂಬ ಎರಡು ಪದದಲ್ಲಿ ಮೂರನ್ನೂ ಒಟ್ಟಿಗೆ ಸುತ್ತಿಟ್ಟಿದ್ದಾರೆ.

ನಮ್ಮ ಕಾನೂನು ರಿಚರ್ಡನ ಕಾಲದ ಅಮೆರಿಕಕ್ಕಿಂತ ನಿಮ್ಮ ಮಗನ ಕಡೆ ಹೆಚ್ಚು ವಾಲಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಸಾಹಿತ್ಯ ಬರೆದವರು, ರಾಗ ಹಾಕಿದವರು ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ, ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದರೂ ಆ ಶರತ್ತು ಅನೂರ್ಜಿತ. 1959ರಲ್ಲಿ ರಿಚರ್ಡ್ ಬಿಟ್ಟುಕೊಟ್ಟ ಬಗೆಯ ಹಕ್ಕನ್ನು ನಿಮ್ಮ ಮಗ ಬಿಡುತ್ತೇನೆ ಅಂದರೂ ಕಾನೂನು ಬಿಡಗೊಡುವುದಿಲ್ಲ. ಹಾಡಿದವರಿಗೂ ಪ್ರತ್ಯೇಕ ಹಕ್ಕಿದೆ, ಅದರ ವ್ಯಾಪ್ತಿಯ ಬಗ್ಗೆ ಮಾತ್ರ ವಾದವಿವಾದ ಹೆಚ್ಚು. ಹಾಗಾಗಿ ಬ್ಯಾಂಡಿನಲ್ಲಿ ಬರೀ ನುಡಿಸುವ, ಬರೀ ಹಾಡುವ ಗೆಳೆಯರಿಗಿಂತ ಬರೆಯುವ ನಿಮ್ಮ ಮಗನ ನೆಲ ಗಟ್ಟಿ.

ಆದರೆ ಕಾನೂನಿನಲ್ಲಿ ಹಕ್ಕಿದೆ ಅಂದ ಮಾತ್ರಕ್ಕೆ ಖಾತೆಗೆ ಹಣ ಬೀಳುವುದಿಲ್ಲ. ಕ್ಯಾಸೆಟ್ ಕಾಲದ ಒಬ್ಬ ಭಾವಗೀತೆ ಗಾಯಕಿ ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ಅವರ ಹಾಡು ಮೊಬೈಲಿನ ಕಾಲರ್ ಟ್ಯೂನ್ ಆಗಿ ಎಲ್ಲೆಲ್ಲೂ ಕೇಳುತ್ತಿತ್ತು. ಹಾಡಿಗಿಷ್ಟು ಅಂತ ಕೈಗೆ ಕೊಟ್ಟು ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರಂತೆ. ಪ್ರತಿ ಅವರ ಬಳಿ ಇರಲಿಲ್ಲ, ಕಂಪನಿ ಕೈಬದಲಾಗಿತ್ತು, ಬರೆದವರೂ ರಾಗ ಹಾಕಿದವರೂ ಬೇರೆ. ನಾನು ಅವರಿಗೆ ಏನನ್ನೂ ಕೊಡಿಸಲಾಗಲಿಲ್ಲ. ಕಾಫಿ ಕುಡಿದು ಹೋದರು.

ನಿಮ್ಮ ಮಗನಿಗಿರುವ ದಾರಿಗಳು ಹೀಗಿವೆ.

ಇದ್ದ ಹಾಗೇ ಸಹಿ ಹಾಕಬಹುದು. 80,000 ಕೈಗೆ ಬರುತ್ತದೆ, ಕಂಪನಿಯ ಚಾನೆಲ್‌ನಿಂದ ಒಂದಷ್ಟು ಜನರಿಗೆ ತಲುಪಬಹುದು. ಎಂಟು ಹಾಡೂ ಮಲಗಿದರೆ ಇದೇ ಒಳ್ಳೆಯ ವ್ಯಾಪಾರ ಆಗಿರುತ್ತದೆ, ಅದನ್ನೂ ಹೇಳಬೇಕಲ್ಲ. ಆದರೆ ಒಂದು ಹಾಡು ಎದ್ದುಬಿಟ್ಟರೆ, ಅದನ್ನು ತನ್ನದೇ ಸಂಗೀತ ಕಾರ್ಯಕ್ರಮದ ವಿಡಿಯೊದಲ್ಲಿ ಹಾಕಿಕೊಳ್ಳಲೂ ಕಂಪನಿಯನ್ನು ಕೇಳಬೇಕು. ಐದು ವರ್ಷದ ಕಟ್ಟು ಬೇರೆ. ಕರಾರಿನ ಅವಧಿಯೊಳಗೆ ಇಂಥ ನಿರ್ಬಂಧವನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುತ್ತವೆ, "ಅದೆಲ್ಲ ನಡೆಯಲ್ಲ ಬಿಡಮ್ಮ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು ಚೇಣಿ. ಧ್ವನಿಮುದ್ರಣವನ್ನು ಮಾತ್ರ, ಮೂರೋ ಐದೋ ವರ್ಷಕ್ಕೆ ಕಂಪನಿಗೆ ಕೊಡುವುದು, ಸಾಹಿತ್ಯ ಮತ್ತು ರಾಗ ತನ್ನ ಹೆಸರಿನಲ್ಲೇ ಉಳಿಸಿಕೊಳ್ಳುವುದು. ನನ್ನ ಒಲವು ಇದಕ್ಕೆ. ಮೊತ್ತ ಖಂಡಿತ ಇಳಿಯುತ್ತದೆ, 80,000 ಇದ್ದದ್ದು 30,000 ಆದರೂ ಆಶ್ಚರ್ಯಪಡಬೇಡಿ. ಕಂಪನಿ ಬೇಡ ಅಂತ ಎದ್ದುಹೋಗುವ ಸಾಧ್ಯತೆಯೂ ಇದೆ. ನಡುವಿನ ರಾಜಿಯಾಗಿ ಎಂಟರಲ್ಲಿ ಎರಡು ಹಾಡನ್ನು ಮಾತ್ರ ಅವರ ಶರತ್ತಿಗೇ ಕೊಟ್ಟು ನೋಡಿದವರಿದ್ದಾರೆ. ಯಾವ ಎರಡು ಎಂಬುದರಲ್ಲಿ ಜಗಳ ಗ್ಯಾರಂಟಿ.

ಮೂರನೆಯದು ತಾನೇ ಹೊರತರುವುದು. ವರ್ಷಕ್ಕೆ ಇಷ್ಟು ಅಂತ ಶುಲ್ಕ ತೆಗೆದುಕೊಂಡು ಎಲ್ಲ ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಹಾಡು ತಲುಪಿಸುವ ಸೇವೆಗಳಿವೆ. ಹಕ್ಕು ಪೂರ್ತಿ ಅವನದೇ. ಆದರೆ ಬರುವುದು ಪೈಸೆ ಲೆಕ್ಕ, ಪ್ರಚಾರ ಅವನ ತಲೆಮೇಲೆ. ಇಲ್ಲಿ ಮುಳುಗುವವರು ಮುಳುಗುವುದು ಕಂಪನಿಯಿಂದಲ್ಲ, ಗೆಳೆಯರಿಂದ. ಯಾವ ಹಾಡಿನಲ್ಲಿ ಯಾರ ಪಾಲೆಷ್ಟು ಅಂತ ನಾಲ್ವರೂ ಇವತ್ತೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಲಬೋಸ್ಟ್ರಿ ಇಡೀ ಸಾಹಿತ್ಯ ತನ್ನದೇ ಅಂತ ಕೊನೆಯವರೆಗೂ ಹೇಳುತ್ತಿದ್ದಳು, ಉಳಿದವರು ಒಪ್ಪುತ್ತಿರಲಿಲ್ಲ. ಹಾಡು ಗೆದ್ದ ಮೇಲೆ ನೆನಪು ಎಲ್ಲರದೂ ಬೇರೆ.

ಯಾವ ದಾರಿ ಹಿಡಿದರೂ ಐಪಿಆರ್‌ಎಸ್ ಎಂಬ ಸಂಸ್ಥೆಗೆ ಬರಹಗಾರ ಮತ್ತು ಸಂಯೋಜಕನಾಗಿ ಸದಸ್ಯನಾಗಲಿ. ರೇಡಿಯೊ, ಹೋಟೆಲು, ಸ್ಟ್ರೀಮಿಂಗ್‌ನಿಂದ ಸಾಹಿತ್ಯ, ರಾಗದ ಪಾಲು ವಸೂಲಾಗುವುದು ಅದರ ಮೂಲಕ. ಹಾಡಿದವರಿಗೆ ಗಾಯಕರದೇ ಸಂಘ ಬೇರೆ ಇದೆ. ಸದಸ್ಯನಾಗದಿದ್ದರೆ ಹಕ್ಕಿದ್ದೂ ಕೇಳುವವರಿಲ್ಲ. ಬಾಕಿ ಹಣಕ್ಕೆ ದಾವೆ ಹೂಡಲು ನಮ್ಮಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಗಡುವು. ರಿಚರ್ಡನ ಹಾಗೆ 25 ವರ್ಷ ಬಿಟ್ಟು ಎದ್ದರೆ ಆಗುವುದಿಲ್ಲ.

ನೀವು ಕಳಿಸಿದ ಪುಟಗಳಲ್ಲಿ ಇನ್ನೊಂದು ಸಾಲು ಕಂಡೆ: "ಕಲಂ 19(4) ಈ ಕರಾರಿಗೆ ಅನ್ವಯಿಸುವುದಿಲ್ಲ." ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಹಕ್ಕು ಬರೆಸಿಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಹಕ್ಕು ಬರೆದುಕೊಟ್ಟದ್ದು ರದ್ದಾಗುತ್ತದೆ ಎನ್ನುತ್ತದೆ ಹಕ್ಕುಸ್ವಾಮ್ಯ ಕಾಯ್ದೆಯ ಆ ಕಲಂ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ. ಇವರು ಬೇರೆ ರೀತಿ ಬರೆದಿದ್ದಾರೆ. ಅಂದರೆ ಎಂಟು ಹಾಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ನಿಮ್ಮ ಮಗ ವಾಪಸ್ ಕೇಳುವಂತಿಲ್ಲ. ಈ ಸಾಲು ತೆಗೆಸಿ, ಇಲ್ಲವೇ "ಆರು ತಿಂಗಳೊಳಗೆ ಬಿಡುಗಡೆ ಮಾಡಬೇಕು" ಅಂತ ಸೇರಿಸಿ. ಒಪ್ಪದಿದ್ದರೆ ಅವರಿಗೆ ಹಾಡಿಗಿಂತ ಹಾಡುಗಾರನನ್ನು ಕಟ್ಟಿಹಾಕುವ ಆಸೆಯೇ ಹೆಚ್ಚು ಅಂತ ನಾನು ಓದುತ್ತೇನೆ.

ಏಳು ಪುಟದ ಫೋಟೊ ಕಳಿಸಿದ್ದೀರಿ. ಪುಟದ ಕೆಳಗೆ "8ರಲ್ಲಿ 7" ಅಂತಿದೆ. ಎಂಟನೆಯದನ್ನೂ ಕಳಿಸಿ, ಅಲ್ಲಿಯವರೆಗೆ ಮಗ ಪೆನ್ನು ಮುಟ್ಟದಿರಲಿ.